ಮನಸ್ಸು ಓದುವವಳು, ಮಾತಾಡದ ಅಕ್ಕ

ಮಾರ್ಚ್ 3, ಸೋಮವಾರ

ಅಕ್ಕನನ್ನು ಮನೆಗೆ ಕರೆತಂದೆವು. ಕತ್ತಿನ ಮೇಲಿನ ಪಟ್ಟಿ ಬೆರಳುದ್ದವೂ ಇಲ್ಲ. ಒಳಗೆ ಧ್ವನಿಪೆಟ್ಟಿಗೆಯ ಪಕ್ಕದಿಂದ ಗೋಲಿಯಷ್ಟು ದಪ್ಪದ ಗಂಟು ತೆಗೆದಿದ್ದಾರೆ. ಗಂಟು ಎಂಥದ್ದೆಂದು ಪ್ರಯೋಗಾಲಯದವರು ಹೇಳಬೇಕು. ಡಾಕ್ಟರು ಬಾಗಿಲವರೆಗೂ ಬಂದು ಇನ್ನೊಮ್ಮೆ ಎಚ್ಚರಿಸಿದರು: "ನಾನು ಹೇಳೋವರೆಗೂ ಮಾತಿಲ್ಲ. ಪಿಸುಮಾತೂ ಇಲ್ಲ. ಪಿಸುಗುಟ್ಟೋದು ಕೂಗೋದಕ್ಕಿಂತ ಕೆಟ್ಟದ್ದು."

"ಮದುವೆಯಾದ ಮೇಲೆ ಮೊದಲ ಸಲ ನನಗೆ ಮಾತಾಡೋ ಸರದಿ ಬಂತು ನೋಡು" ಎಂದರು ಭಾವ. ಅಕ್ಕ ಹೊಸ ಸ್ಲೇಟಿನಿಂದ ಅವರ ಭುಜಕ್ಕೆ ಕುಟ್ಟಿದಳು. ನಕ್ಕೆವು. ಆಮೇಲೆ ಭಾವ ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ, ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತರು.

ದಿಂಬುಗಳನ್ನು ಹೇಗೆ ಜೋಡಿಸಬೇಕೆಂದು ತಾನೇ ಮಲಗಿ ತೋರಿಸಿದ ನರ್ಸಮ್ಮನಿಗೆ ಒಳ್ಳೆಯದಾಗಲಿ. ಅವಳ ಪಾಳಿ ಮುಗಿದು ಆಗಲೇ ಎಷ್ಟೋ ಹೊತ್ತಾಗಿತ್ತು.

ನಮ್ಮ ಆಟ ಪೂರ್ತಿ ನಿಂತಿರುವುದೇ ಅಕ್ಕನ ಗಂಟಲ ಮೇಲೆ. ನಾನು ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ವೇದಿಕೆಯ ಮೇಲೆ ಕೂರುತ್ತೇನೆ. ಅವಳು ಜನರ ನಡುವೆ ಓಡಾಡಿ, ಯಾರದೋ ಕೈಯ ವಸ್ತು ತೆಗೆದುಕೊಂಡು ನನ್ನನ್ನು ಕೇಳುತ್ತಾಳೆ. "ಇದೇನಮ್ಮ?" ಎಂದರೆ ಗಡಿಯಾರ. "ಇದೇನು ಹೇಳು" ಎಂದರೆ ಬೀಗದ ಕೈ. "ಹೂಂ, ಬೇಗ" ಎಂದರೆ ಕನ್ನಡಕ. ಜನ ಮನಸ್ಸು ಮನಸ್ಸಿಗೆ ತಂತಿಯಿದೆ ಎಂದುಕೊಳ್ಳುತ್ತಾರೆ. ಮೂವತ್ತು ವರ್ಷ ಇದನ್ನು ಎಲ್ಲೂ ಬರೆದಿರಲಿಲ್ಲ. ಬರೆದರೆ ಏನೀಗ? ಈ ಭಾಷೆ ಆಡುವವಳೇ ಬಾಯಿ ಮುಚ್ಚಿ ಕೂತಿದ್ದಾಳೆ.

ಮಾರ್ಚ್ 6, ಗುರುವಾರ

ರಂಗಮಂದಿರದ ಮ್ಯಾನೇಜರನ್ನು ನೋಡಲು ಹೋದೆ. ಮುಂದಿನ ವಾರಾಂತ್ಯಗಳ ಪ್ರದರ್ಶನ ರದ್ದು ಮಾಡುತ್ತಾನೆಂದು ಎದೆ ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಪುಣ್ಯಾತ್ಮ ಮಾಡಲಿಲ್ಲ.

"ಒಬ್ಬರೇ ಮಾಡಿ. ಈಗಿನ ಜನಕ್ಕೆ ಅತೀಂದ್ರಿಯ ಗಿತೀಂದ್ರಿಯ ಬೇಡ ಮೇಡಂ. ಸೈಕಾಲಜಿ ಬೇಕು. ಕಣ್ಣು ನೋಡಿ ಸುಳ್ಳು ಹಿಡಿಯೋದು, ಕೈ ನೋಡಿ ಮನಸ್ಸು ಹೇಳೋದು. ಭಾನುವಾರ ಹೋಟೆಲಲ್ಲಿ ಒಂದು ಶಿಬಿರ ಇದೆ. ಹೋಗಿ ಬನ್ನಿ."

ಈ ವಯಸ್ಸಿನಲ್ಲಿ ಶಾಲೆ. ಆದರೂ ದಾರಿ ತೋರಿಸಿದನಲ್ಲ, ಅದೇ ದೊಡ್ಡದು.

ಮಾರ್ಚ್ 9, ಭಾನುವಾರ

ತರಬೇತುದಾರರಿಗೆ ನಾನು ಟೈ ಮಾಸ್ತರು ಎಂದು ಹೆಸರಿಟ್ಟೆ. ಒಂದೊಂದು ಸೂತ್ರ ಹೇಳಿದಾಗಲೂ ಟೈ ಸರಿಮಾಡಿಕೊಳ್ಳುತ್ತಿದ್ದರು. ಕಣ್ಣು ಒಂದು ಕಡೆ ಹೋದರೆ ನೆನಪು, ಇನ್ನೊಂದು ಕಡೆ ಹೋದರೆ ಸುಳ್ಳು. ಮೂಗು ಮುಟ್ಟಿದರೆ ಮುಚ್ಚುಮರೆ. ಎದೆಯ ಮೇಲೆ ಕೈಕಟ್ಟಿದರೆ ಮನಸ್ಸಿನ ಬಾಗಿಲು ಬಂದ್. ಎದುರಿನವರು ಹೇಗೆ ಕೂತಿದ್ದಾರೋ ನಾವೂ ಹಾಗೇ ಕೂತರೆ ವಿಶ್ವಾಸ ಹುಟ್ಟುತ್ತದಂತೆ. ನನಗೆ ಜೋಡಿಯಾಗಿ ಸಿಕ್ಕವರು ಒಬ್ಬ ಹಲ್ಲಿನ ಡಾಕ್ಟರು. ನಾನು ಕಾಲ ಮೇಲೆ ಕಾಲು ಹಾಕಿದರೆ ಅವರೂ ಹಾಕಿದರು, ಅವರು ಗಲ್ಲ ಹಿಡಿದರೆ ನಾನೂ ಹಿಡಿದೆ. ವಿಶ್ವಾಸ ಹುಟ್ಟಿತೋ ಇಲ್ಲವೋ, ನಗು ಮಾತ್ರ ಇಬ್ಬರಿಗೂ ತಡೆಯಲಾಗಲಿಲ್ಲ.

ಆದರೆ ವಿದ್ಯೆ ದೊಡ್ಡದು. ಇಷ್ಟು ವರ್ಷ ಕಣ್ಣು ಕಟ್ಟಿಕೊಂಡು ಕೂತು ಏನೆಲ್ಲ ಕಳೆದುಕೊಂಡೆ! ಇನ್ನು ಮೇಲೆ ನಿಜವಾಗಿಯೇ ಓದಬಹುದು.

ಮಾರ್ಚ್ 11, ಮಂಗಳವಾರ

ಅಕ್ಕನ ಮೇಲೆ ಪ್ರಯೋಗ. ಅವಳು ಹುಬ್ಬು ಗಂಟಿಕ್ಕಿ ಕಿಟಕಿ ಕಡೆ ನೋಡಿದಳು, ಭುಜ ಕುಗ್ಗಿಸಿದಳು. ಚಳಿ ಎಂದು ತೀರ್ಮಾನಿಸಿ ಕಿಟಕಿ ಮುಚ್ಚಿದೆ, ಶಾಲು ಹೊದಿಸಿದೆ, ಬಿಸಿನೀರು ಕೊಟ್ಟೆ. ಅವಳು ಕೈ ಬೀಸಿದಳು. ಇನ್ನೊಂದು ಶಾಲು ತಂದೆ. ಕೊನೆಗೆ ಸ್ಲೇಟು ಕಿತ್ತುಕೊಂಡು ಇಡೀ ಹಲಗೆ ತುಂಬ ಬರೆದಳು: "ಸೆಖೆ!"

ಮಾರ್ಚ್ 14, ಶುಕ್ರವಾರ

ಭಾವನ ಜೊತೆ ಕೂತು ಪರೀಕ್ಷೆ ಮಾಡಿದೆ. ಅವರು ಗುಂಡಿಯೊಂದನ್ನು ಒಂದು ಮುಷ್ಟಿಯಲ್ಲಿ ಬಚ್ಚಿಡಬೇಕು. ನಾನು ಪ್ರಶ್ನೆ ಕೇಳಿ, ಕಣ್ಣು ನೋಡಿ ಯಾವ ಕೈ ಎಂದು ಹೇಳಬೇಕು. ಬೆಳಿಗ್ಗೆಯೆಲ್ಲ ಆಡಿದೆವು. ಅರ್ಧ ಸರಿ, ಅರ್ಧ ತಪ್ಪು. ಕಣ್ಣು ಮುಚ್ಚಿಕೊಂಡು ಹೇಳಿದ್ದರೂ ಇಷ್ಟೇ ಬರುತ್ತಿತ್ತು. ಪುಸ್ತಕದಂಗಡಿಯಿಂದ ತಂದಿದ್ದ ದಪ್ಪ ಪುಸ್ತಕದಲ್ಲಿ, ಕಣ್ಣಿನ ಸೂತ್ರವನ್ನು ಪರೀಕ್ಷಿಸಿದವರಿಗೂ ಅದರಲ್ಲಿ ಹುರುಳು ಕಾಣಲಿಲ್ಲ ಎಂದು ಒಂದು ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿದೆ.

ಪೆಚ್ಚಾಗಿ ಕೂತಿದ್ದೆ. ಭಾವ ಸ್ಕ್ರೂಡ್ರೈವರಿನಿಂದ ಬೆನ್ನು ಕೆರೆದುಕೊಳ್ಳುತ್ತ ಹೇಳಿದರು: "ಮಾತು ಅವರ ಸೈಕಾಲಜಿದು ಇರಲಿ. ಕೆಲಸ ನಾನು ಮಾಡಿಕೊಡ್ತೀನಿ."

ಒಂದು ತಟ್ಟೆ ಮಾಡುತ್ತಿದ್ದಾರೆ. ಅದರಲ್ಲಿ ಐದು ಬಣ್ಣದ ಕಲ್ಲು. ಯಾವ ಕಲ್ಲನ್ನು ಎತ್ತಿದರೋ ತಟ್ಟೆಗೆ ತಿಳಿಯುತ್ತದೆ. ತಟ್ಟೆ ನನ್ನ ಚಪ್ಪಲಿಯ ಹಿಮ್ಮಡಿಗೆ ತಿಳಿಸುತ್ತದೆ. ಕೆಂಪಿಗೆ ಒಂದು ತಟ್ಟು, ಹಸಿರಿಗೆ ಎರಡು. ಈ ಮನೆಗೆ ಅಳಿಯನಾಗಿ ಇಂಥವರು ಸಿಕ್ಕಿದ್ದು ನಮ್ಮ ಅಪ್ಪ ಮಾಡಿದ ಪುಣ್ಯ.

ಮಾರ್ಚ್ 18, ಮಂಗಳವಾರ

ಪ್ರಯೋಗಾಲಯದಿಂದ ಫೋನು. ಕೆಟ್ಟ ಗಂಟಲ್ಲ.

ಈವತ್ತಿಗೆ ಇಷ್ಟೇ. ಇನ್ನೇನೂ ಬರೆಯುವುದು ಬೇಡ.

ಮಾರ್ಚ್ 23, ಭಾನುವಾರ

ನಿನ್ನೆ ಒಬ್ಬಳೇ ಮಾಡಿದ ಮೊದಲ ಪ್ರದರ್ಶನ. ಅಕ್ಕನ ಧ್ವನಿಯಿಲ್ಲದೆ ವೇದಿಕೆ ಹತ್ತುವಾಗ ಎರಡು ಸಲ ಹಿಂದಿರುಗಿ ನೋಡಿದೆ. ಮೂರನೇ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಸುಮ್ಮಸುಮ್ಮನೆ ನನ್ನ ನೋಡಿ ನಕ್ಕರು. ಆ ನಗು ಹಿಡಿದುಕೊಂಡೇ ಶುರು ಮಾಡಿದೆ.

ದಪ್ಪ ಮೀಸೆಯ ಒಬ್ಬರು ಮೇಲೆ ಬಂದು ಕಲ್ಲು ಬಚ್ಚಿಟ್ಟುಕೊಂಡರು. ನಾನು ಯಾವ ಬಣ್ಣ ಕೇಳಿದರೂ "ಅಲ್ಲ" ಎನ್ನಬೇಕು. ಕೆಂಪೇ? ಅಲ್ಲ. ಹಳದಿಯೇ? ಅಲ್ಲ. ಹಸಿರೇ? ಅಲ್ಲ. "ನೋಡಿ, ಇಲ್ಲಿ ನಿಮ್ಮ ಕಣ್ಣು ಪಕ್ಕಕ್ಕೆ ಜಾರಿತು. ಕಣ್ಣು ಜಾರಿದ ಕಡೆ ಸುಳ್ಳು ಜಾರುತ್ತೆ" ಎಂದೆ. ಹಿಮ್ಮಡಿಗೆ ಆಗಲೇ ಎರಡು ತಟ್ಟು ಬಿದ್ದಿತ್ತು. ಅವರು ಮುಷ್ಟಿ ಬಿಚ್ಚಿದರು. ಹಸಿರು. ಸಭಾಂಗಣ ಎದ್ದು ನಿಂತಿತು.

ಕಣ್ಣು ಜಾರುವ ಆ ಸಾಲನ್ನು ನಾನೇ ಕಟ್ಟಿದ್ದು. ಚೆನ್ನಾಗಿ ಕೂತಿದೆ.

ಮಾರ್ಚ್ 30, ಭಾನುವಾರ

ನಿನ್ನೆ ಪ್ರದರ್ಶನ ಮುಗಿದ ಮೇಲೆ ಒಬ್ಬ ಪಶುವೈದ್ಯೆ ಹೂಗುಚ್ಛ ಹಿಡಿದು ಬಣ್ಣದ ಕೋಣೆಗೆ ಬಂದರು. ಹೋದ ವಾರವೂ ಬಂದಿದ್ದರಂತೆ. ಅವರ ಪ್ರಾಣಿ ಚಿಕಿತ್ಸಾಲಯದಿಂದ ಆರೈಕೆಗೆ ಬಿಟ್ಟಿದ್ದ ನಾಯಿಯೊಂದು ಓಡಿಹೋಗಿತ್ತು. ಯಾರೋ ಹಿಂಬಾಗಿಲ ಚಿಲಕ ಹಾಕಿರಲಿಲ್ಲ. ಕೆಲಸದವರನ್ನೆಲ್ಲ ನಿಲ್ಲಿಸಿ ಕೇಳಿದರಂತೆ.

"ನೀವು ಹೇಳಿದ ಹಾಗೇ ಕಣ್ಣು ನೋಡಿದೆ. ನಾಯಿಗಳಿಗೆ ಸ್ನಾನ ಮಾಡಿಸೋಳ ಕಣ್ಣು ಪಕ್ಕಕ್ಕೆ ಜಾರಿತು. ಅಲ್ಲೇ ಸಿಕ್ಕಿಬಿದ್ದಳು. ಎಂಟು ವರ್ಷದಿಂದ ನಂಬಿದ್ದೆ ಅವಳನ್ನ! ಕಳಿಸಿಬಿಟ್ಟೆ. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು."

ನನ್ನ ಮಾತು ಒಬ್ಬರ ಬದುಕಿಗೆ ಉಪಯೋಗಕ್ಕೆ ಬಂತು! ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಸ್ಲೇಟಿನಲ್ಲಿ ಬರೆದಳು: "ಆಕೆ ಒಪ್ಪಿಕೊಂಡಳಾ?"

ಗೊತ್ತಿಲ್ಲ ಎಂದೆ. ಅಕ್ಕ ಎದೆಯ ಮೇಲೆ ಕೈಕಟ್ಟಿ ಕೂತಳು. ಬಾಗಿಲು ಬಂದ್. ಅವಳಿಲ್ಲದೆ ನನಗೆ ಹೂಗುಚ್ಛ ಬಂದದ್ದು ಅವಳಿಗೆ ಸೇರಲಿಲ್ಲವೋ ಏನೋ. ಪಾಪ, ಇಷ್ಟು ದಿನ ಬಾಯಿ ಮುಚ್ಚಿ ಕೂತರೆ ಯಾರಿಗಾದರೂ ಹಾಗಾಗುತ್ತದೆ.

ಏಪ್ರಿಲ್ 2, ಬುಧವಾರ

ಹೂಗುಚ್ಛ ಬಾಡುತ್ತಿದೆ. ಅಕ್ಕ ಬರೆದ ಪ್ರಶ್ನೆ ಬಾಡುತ್ತಿಲ್ಲ.

ಬಟ್ಟೆ ಒಣಹಾಕುವಾಗ, ತರಕಾರಿ ಆರಿಸುವಾಗ, ಎಲ್ಲ ಕಡೆ ಅದೇ. ಆಕೆ ಒಪ್ಪಿಕೊಂಡಳಾ? ಕಣ್ಣು ನೋಡಿ ನನಗೆ ಒಂದೇ ಒಂದು ಸಲವೂ ಏನೂ ತಿಳಿದಿಲ್ಲ. ತಿಳಿದದ್ದೆಲ್ಲ ಹಿಮ್ಮಡಿಯಿಂದ. ಆ ಡಾಕ್ಟರಮ್ಮನಿಗೆ ನಾನು ಕಣ್ಣು ಕೊಟ್ಟೆ, ಹಿಮ್ಮಡಿ ಕೊಡಲಿಲ್ಲ. ಯಾರೋ ಮುಖ ಕಾಣದ ಹೆಂಗಸು ನನ್ನ ಒಂದು ಚಂದದ ಸಾಲಿನಿಂದ ಮನೆಯಲ್ಲಿ ಕೂತಿದ್ದಾಳೆ.

ಮಧ್ಯಾಹ್ನ ಅಕ್ಕನ ಎದುರು ಕುರ್ಚಿ ಎಳೆದುಕೊಂಡು ಕೂತೆ. "ಅವರಿಗೆ ನಿಜ ಹೇಳ್ಬೇಕು. ನಿಜ ಹೇಳ್ಬೇಕಂದ್ರೆ ತಟ್ಟೆ ತೋರಿಸ್ಬೇಕು. ತೋರಿಸಿದ್ರೆ ಊರೆಲ್ಲ ಗೊತ್ತಾಗಬಹುದು, ಆಟ ನಿಂತುಹೋಗಬಹುದು. ಏನ್ಮಾಡ್ಲಿ?" ಎಂದು ಕೇಳಿದೆ.

ಅಕ್ಕ ಬಳಪ ಹಿಡಿದು ಬಹಳ ಹೊತ್ತು ಯೋಚಿಸಿದಳು. ಬರೆದು ಅಳಿಸಿದಳು. ಮತ್ತೆ ಬರೆದಳು. ನಾನು ಕಾದೆ. ಮುಖದ ಕಡೆ ನೋಡಲೇ ಇಲ್ಲ, ಸ್ಲೇಟಿನ ಕಡೆಯೇ ನೋಡುತ್ತಿದ್ದೆ.

"ಹೋಗು. ಮೊನ್ನೆಯೇ ಹೇಳಬೇಕೆಂದಿದ್ದೆ. ನಿನ್ನ ಸಂತೋಷ ಕೆಡಿಸಲು ಮನಸ್ಸಾಗಲಿಲ್ಲ."

ಹಾಗಾದರೆ ಹೊಟ್ಟೆಕಿಚ್ಚಲ್ಲ. ಭಾವನನ್ನೂ ಕೇಳಿದೆ, ತಟ್ಟೆ ಅವರದ್ದಲ್ಲವೇ. "ತಟ್ಟೆ ಇನ್ನೊಂದು ಮಾಡಬಹುದು" ಎಂದರು. ಇಂಥ ಇಬ್ಬರು ಒಂದೇ ಮನೆಯಲ್ಲಿ ಸಿಗುವುದೆಂದರೆ!

ಏಪ್ರಿಲ್ 4, ಶುಕ್ರವಾರ

ಚಿಕಿತ್ಸಾಲಯಕ್ಕೆ ಹೋದೆ. ಫಿನಾಯಿಲಿನ ವಾಸನೆ, ಪಂಜರದೊಳಗೆ ಒಂದು ಕಿವಿಗೆ ಪಟ್ಟಿ ಕಟ್ಟಿಸಿಕೊಂಡ ಬೆಕ್ಕು. ಡಾಕ್ಟರಮ್ಮ ಅಕ್ಕರೆಯಿಂದ ಕುರ್ಚಿ ಹಾಕಿದರು. ಅದೇ ಕಷ್ಟವಾಯಿತು.

"ಆ ಕಣ್ಣಿನ ವಿಷಯ ಬರೀ ಆಟದ ಮಾತು ಡಾಕ್ಟ್ರೇ. ಅದರಿಂದ ಸುಳ್ಳು ತಿಳಿಯಲ್ಲ."

ಅವರು ನಕ್ಕರು. "ಸಂಕೋಚ ಪಡಬೇಡಿ. ನಾನೇ ಎರಡು ಸಲ ನೋಡಿದೀನಿ. ಒಂದೂ ತಪ್ಪಲಿಲ್ಲ ನೀವು."

ಎಷ್ಟು ಹೇಳಿದರೂ ನಂಬಲಿಲ್ಲ. ನಾನು ಚೆನ್ನಾಗಿ ಆಡಿದ್ದೇ ನನಗೆ ಮುಳುವಾಯಿತು. ಕೊನೆಗೆ ಚೀಲದಿಂದ ತಟ್ಟೆ ತೆಗೆದು ಮೇಜಿನ ಮೇಲಿಟ್ಟೆ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೂತೆ. "ಒಂದು ಕಲ್ಲು ಬಚ್ಚಿಡಿ" ಎಂದೆ. ಬಚ್ಚಿಟ್ಟರು. ಅವರ ಕಣ್ಣನ್ನೇ ದಿಟ್ಟಿಸಿ ಹಳದಿ ಎಂದೆ. ನೀಲಿ. ಮತ್ತೆ ಆಡಿದೆವು, ಕೆಂಪು ಎಂದೆ. ಬಿಳಿ. ಮತ್ತೆ ತಪ್ಪು. ಅವರ ಮುಖದ ನಗು ಒಂದೊಂದೇ ಎಳೆ ಕಳಚಿತು.

ಆಮೇಲೆ ಚಪ್ಪಲಿ ಹಾಕಿಕೊಂಡೆ. ಗೋಡೆಗೆ ಮುಖ ಮಾಡಿ ನಿಂತೆ. ಹಸಿರು. ಬಿಳಿ. ಕೆಂಪು. ಎಲ್ಲ ಸರಿ.

"ವಿದ್ಯೆ ಚಪ್ಪಲೀಲಿ ಇತ್ತಾ?" ಎಂದರು.

"ಹೌದು. ನಮ್ಮ ಭಾವ ಮಾಡಿದ್ದು."

ನಗುತ್ತಾರೋ ಬೈಯುತ್ತಾರೋ ಎಂದು ಕಾದೆ. ಅವರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಗಾಯಗೊಂಡ ಪ್ರಾಣಿಯನ್ನು ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಬಹಳ ಮೆತ್ತಗೆ, "ಅವಳು ಎಷ್ಟು ಅತ್ತಳು ಗೊತ್ತಾ? ಅದನ್ನೂ ನಾಟಕ ಅಂದ್ಕೊಂಡೆ" ಎಂದರು. ಚಪ್ಪಲಿ ಕೆಳಗಿಟ್ಟು ಹೇಳಿದರು, "ನಾಳೆ ಅವಳ ಮನೆಗೆ ಹೋಗ್ತೀನಿ. ನೀವೂ ಬನ್ನಿ. ಒಬ್ಬಳೇ ಹೋಗೋ ಧೈರ್ಯ ನನಗಿಲ್ಲ."

ಮನೆಗೆ ಬಂದಾಗ ಅಕ್ಕ ನನ್ನ ತಪ್ಪಿಗೆ ಇಡೀ ಊರು ಕೇಳುವಂತೆ ಬೈಯಬೇಕಿತ್ತು. ಸ್ಲೇಟಿನಲ್ಲಿ ಬರೆದದ್ದು ಇಷ್ಟು: "ಊಟ ಮಾಡಿದೆಯಾ?"

ಏಪ್ರಿಲ್ 5, ಶನಿವಾರ

ಬೆಳಿಗ್ಗೆ ಹೋದೆವು. ಕಟ್ಟಡದ ಮೇಲಂತಸ್ತಿನಲ್ಲಿ ಒಂದೇ ಕೋಣೆ, ಒರೆಸಿ ಒರೆಸಿ ಹೊಳೆಯುವ ನೆಲ. ಐವತ್ತರ ಆಸುಪಾಸಿನ ಹೆಂಗಸು. ಕೈತುಂಬ ಹಳೆಯ ಪರಚು ಗಾಯಗಳು. ಡಾಕ್ಟರಮ್ಮನನ್ನು ಕಂಡದ್ದೇ ಮುಖ ಪಕ್ಕಕ್ಕೆ ತಿರುಗಿಸಿದಳು.

ನಾನೇ ಮೊದಲು ಹೇಳಿದೆ. ವೇದಿಕೆ, ಕಲ್ಲು, ಚಪ್ಪಲಿ, ನನ್ನ ಸಾಲು. ತಪ್ಪು ನನ್ನದೆಂದೆ. ಡಾಕ್ಟರಮ್ಮ, "ಇಲ್ಲ, ಅವರು ಆಡಿದ್ದು ಆಟ. ಮನೆಗೆ ತಂದಿದ್ದು ನಾನು" ಎಂದರು. ತಪ್ಪನ್ನು ನಾವಿಬ್ಬರೂ ನನ್ನದು ನನ್ನದು ಎಂದು ಎಳೆದಾಡುತ್ತಿದ್ದರೆ ಆಕೆ ಗೋಡೆ ನೋಡುತ್ತ ಕೂತಿದ್ದಳು. ನಾವು ಬಾಯಿ ಮುಚ್ಚುವವರೆಗೂ ಆಕೆ ಬಾಯಿ ತೆರೆಯಲಿಲ್ಲ.

"ನಂಗೆ ಹೆದರಿಕೆ ಆದ್ರೆ ಆ ಕಡೆ ನೋಡ್ತೀನಿ. ಚಿಕ್ಕಂದಿನಿಂದ ಹಾಗೇ. ನಮ್ಮಮ್ಮ ಬೈದ್ರೂ ಹಾಗೇ, ನಿಮ್ಮೆದುರಿಗೂ ಹಾಗೇ." ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, "ಅವತ್ತು ನೀವು ನನ್ನನ್ನ ಏನೂ ಕೇಳ್ಲೇ ಇಲ್ಲ ಅಮ್ಮಾವ್ರೇ. ನೋಡಿದ್ರಿ ಅಷ್ಟೇ."

"ಈಗ ಕೇಳ್ಲಾ?"

"ಕೇಳಿ."

"ಚಿಲಕ ಹಾಕಿದ್ಯಾ ಅವತ್ತು?"

"ಹಾಕಿದ್ದೆ. ಆಮೇಲೆ ಕಸದ ಗಾಡಿ ಬಂದಾಗ ಯಾರು ತೆಗೆದ್ರೋ ನಂಗೆ ಗೊತ್ತಿಲ್ಲ."

ನಾಯಿ ಎರಡನೇ ದಿನವೇ ತನ್ನ ಮನೆಗೆ ತಾನೇ ಹೋಗಿತ್ತಂತೆ. ಚಿಲಕ ತೆಗೆದವರು ಯಾರೆಂದು ಈಗಲೂ ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಡಾಕ್ಟರಮ್ಮ ಎಲ್ಲರನ್ನೂ ನಿಲ್ಲಿಸಿ, ಎಲ್ಲರೆದುರಿಗೇ ಕ್ಷಮೆ ಕೇಳುತ್ತೇನೆಂದರು. ಆಕೆ ತಕ್ಷಣ ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇರಲಿಲ್ಲ. ಯೋಚಿಸಿ ಹೇಳುತ್ತೇನೆಂದಳು. ಹೊರಡುವಾಗ ನನಗೆ ಮಾತ್ರ, "ನೀವು ಬರದಿದ್ರೆ ಯಾರೂ ಕೇಳ್ತಿರ್ಲಿಲ್ಲ ಬಿಡಿ. ಬಂದ್ರಲ್ಲ" ಎಂದಳು. ನನ್ನಿಂದ ಇಷ್ಟೆಲ್ಲ ಆಗಿರುವಾಗ ಆ ಮಾತಿಗೆ ನಾನು ಎಷ್ಟು ತಲೆ ಬಾಗಿದರೂ ಕಡಿಮೆ.

ಏಪ್ರಿಲ್ 7, ಸೋಮವಾರ

ಶನಿವಾರ, ಭಾನುವಾರ ಎರಡೂ ಪ್ರದರ್ಶನದ ಕೊನೆಗೆ ವೇದಿಕೆಯ ಅಂಚಿಗೆ ಬಂದು ಹೇಳಿದೆ: "ನೀವು ನೋಡಿದ್ದು ಆಟ. ಕಣ್ಣು ನೋಡಿ ನನಗೂ ಏನೂ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ. ಮನೆಗೆ ಹೋಗಿ ಯಾರ ಕಣ್ಣನ್ನೂ ಅಳೀಬೇಡಿ. ಏನಾದ್ರೂ ತಿಳೀಬೇಕಂದ್ರೆ ಕೇಳಿ, ಕೇಳಿ ಕಾಯಿರಿ."

ಚಪ್ಪಾಳೆ ಸ್ವಲ್ಪ ತಡವರಿಸಿ ಬಂತು. ಮ್ಯಾನೇಜರ್ ತಲೆಮೇಲೆ ಕೈ ಹೊತ್ತುಕೊಂಡ. "ಅಂಗಡಿ ಬಾಗಿಲಲ್ಲಿ ನಿಂತು ನಮ್ಮ ಮಾಲು ಚೆನ್ನಾಗಿಲ್ಲ ಅಂದ ಹಾಗಾಯ್ತಲ್ಲ ಮೇಡಂ!"

"ಮಾಲು ಚೆನ್ನಾಗಿದೆ. ತಿನ್ನಬೇಡಿ, ನೋಡೋಕೆ ಮಾತ್ರ ಅಂದೆ ಅಷ್ಟೇ."

ಅವನು ಕೋಪ ಮಾಡಿಕೊಂಡು ಆಚೆ ಹೋದ. ಆಮೇಲೆ ತಿರುಗಿ ಬಂದು, ಮುಂದಿನ ವಾರ ದೀಪ ಯಾವ ಕಡೆಯಿಂದ ಬೇಕು ಎಂದು ಕೇಳಿದ. ಅಷ್ಟರಲ್ಲೇ ತಿಳಿಯಿತು, ಆಟ ನಿಲ್ಲಿಸುವುದಿಲ್ಲವೆಂದು. ಖಾತ್ರಿ ಮಾಡಿಕೊಳ್ಳಲು ಬಾಯಿಬಿಟ್ಟೂ ಕೇಳಿದೆ. ನಿಲ್ಲಿಸುವುದಿಲ್ಲವಂತೆ.

ಏಪ್ರಿಲ್ 14, ಸೋಮವಾರ

ವಿಚಿತ್ರ. ಕೊನೆಯ ಮಾತು ಕೇಳಿದ ಮೇಲೆ ಜನ ಎದ್ದು ಹೋಗುತ್ತಿಲ್ಲ. ನನ್ನ ಹತ್ತಿರ ಬಂದು ತಮ್ಮ ವಿಷಯ ಹೇಳಿಕೊಳ್ಳುತ್ತಾರೆ. ಅಂಚೆ ಹಂಚುವವರೊಬ್ಬರು ತಮ್ಮ ಮಗಳು ಮದುವೆಯಾದ ಮೇಲೆ ಫೋನಿನಲ್ಲಿ ಯಾಕೆ ಚುಟುಕಾಗಿ ಮಾತಾಡುತ್ತಾಳೆಂದು ನನ್ನನ್ನು ಕೇಳಿದರು. "ಅವಳನ್ನ ಕೇಳಿದ್ರಾ?" ಎಂದೆ. ಕೇಳಿರಲಿಲ್ಲ. ಅವರು ಇನ್ನೂ ಏನೇನೋ ಹೇಳಿದರು. ನಾನು ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡೆ. ಕಾವಲುಗಾರ ಬೀಗ ಕುಲುಕಿದ ಮೇಲೆಯೇ ಎದ್ದದ್ದು.

ಟೈ ಮಾಸ್ತರ ಶಿಬಿರ ಪೂರ್ತಿ ದಂಡವಾಯಿತೇ ಎಂದು ಭಾವ ಕೇಳಿದರು. ಯೋಚಿಸಿದೆ. ಸೂತ್ರ ಒಂದೂ ನಿಲ್ಲಲಿಲ್ಲ. ಆದರೆ ಆ ನೆಪದಲ್ಲಿ ಜನರ ಮುಖದ ಕಡೆ ನೋಡುವುದು ಕಲಿತೆ. ಯಾರು ಮೇಲೆ ಬರಲು ಹೆದರಿದ್ದಾರೆ, ಯಾರಿಗೆ ನಗು ಬರುತ್ತಿದೆ, ಯಾರನ್ನು ಒಂದು ಗಳಿಗೆ ಸುಮ್ಮನೆ ಬಿಡಬೇಕು, ಇಷ್ಟು ನೋಡಿದರೆ ಆಟಕ್ಕೆ ಸಾಕು. ಅದಕ್ಕಿಂತ ಹೆಚ್ಚು ಓದಲು ಹೋದರೆ ಶಾಲು ಹೊದಿಸಿ ಕಿಟಕಿ ಮುಚ್ಚಿದಂತೆ. ಒಟ್ಟಿನಲ್ಲಿ ಟೈ ಮಾಸ್ತರಿಗೂ ಒಂದು ನಮಸ್ಕಾರ.

ಡಾಕ್ಟರಮ್ಮ ಫೋನು ಮಾಡಿದ್ದರು. ನಾಯಿಗಳಿಗೆ ಸ್ನಾನ ಮಾಡಿಸುವಾಕೆ ಕೆಲಸಕ್ಕೆ ಮರಳಿದ್ದಾಳೆ. ನನ್ನ ಹತ್ತಿರ ಮಾತಾಡಲು ಆಕೆಯ ಕೈಗೆ ಫೋನು ಕೊಟ್ಟರು. ಹಿಂದೆ ನಾಯಿಗಳ ಗದ್ದಲದಲ್ಲಿ ಇಬ್ಬರಿಗೂ ಏನೂ ಕೇಳಿಸಲಿಲ್ಲ. ಆದರೂ ಬಹಳ ಹೊತ್ತು ಮಾತಾಡಿದೆವು.

ಏಪ್ರಿಲ್ 18, ಶುಕ್ರವಾರ

ಅಕ್ಕನ ಡಾಕ್ಟರು ಅಪ್ಪಣೆ ಕೊಟ್ಟರು. ಮೊದಲ ದಿನ ಬರೀ ಗುನುಗುವುದು. ಅಕ್ಕ "ಮ್" ಎಂದಳು. ಮೊದಲಿನ ಕಂಚಿನ ಕಂಠವಲ್ಲ, ಮರದ ಬಾಗಿಲು ಮೆಲ್ಲಗೆ ಸರಿದಂಥ ಸದ್ದು. ಭಾವ ಈ ಸಲ ನಲ್ಲಿ ಹತ್ತಿರ ಹೋಗಲಿಲ್ಲ, ನಮ್ಮೆದುರಿಗೇ ಅತ್ತರು.

ಏಪ್ರಿಲ್ 27, ಭಾನುವಾರ

ನಿನ್ನೆ ಅಕ್ಕ ಪ್ರದರ್ಶನಕ್ಕೆ ಬಂದಿದ್ದಳು, ಪ್ರೇಕ್ಷಕಳಾಗಿ. ಮುಂದಿನ ಸಾಲಿನಲ್ಲಿ ಭಾವನ ಪಕ್ಕ ಕೂತಿದ್ದಳು. ಒಂದೆರಡು ಸಲ ಕಣ್ಣೊರೆಸಿಕೊಂಡದ್ದು ಕಂಡಿತು. ತನ್ನ ಜಾಗ ಹೋಯಿತೆಂದು ಅಳುತ್ತಾಳೆ ಎಂದುಕೊಂಡೆ.

ಇವತ್ತು ಬೆಳಿಗ್ಗೆ ಜಗಲಿಯಲ್ಲಿ ಇಬ್ಬರೇ ಕೂತಿದ್ದೆವು. ಅವಳು ಈಗ ಸ್ವಲ್ಪ ಸ್ವಲ್ಪ ಮಾತಾಡಬಹುದು. ಎರಡು ಮಾತಿಗೆ ಒಂದು ಸಲ ನೀರು ಕುಡಿಯಬೇಕು.

"ಮುಂದಿನ ತಿಂಗಳಿಂದ ಜೊತೆಗೆ ಬರ್ತೀಯಾ? ನಿನ್ನ ಧ್ವನಿಗೆ ಮೈಕ್ ಹಾಕ್ಸೋಣ. ಹಳೇ ಆಟ ಮತ್ತೆ ಆಡೋಣ" ಎಂದೆ.

"ಇಲ್ಲ" ಎಂದಳು.

ಯಾಕೆಂದು ಕೇಳಿದೆ. ಅವಳು ಲೋಟ ಎತ್ತಿ ನೀರು ಕುಡಿದಳು. ರಸ್ತೆಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಮತ್ತೆ ನೀರು ಕುಡಿದಳು. ನಾನು ಕೂತಿದ್ದೆ.

"ಮೂವತ್ತು ವರ್ಷ ನಾನು ಜನರ ಮಧ್ಯೆ ನಿನಗೆ ಬೆನ್ನು ಹಾಕ್ಕೊಂಡೇ ನಡೆದೆ. ನೀನು ಕಣ್ಣು ಕಟ್ಟಿಕೊಂಡಿದ್ದೆ. ನೀನು ವೇದಿಕೆ ಮೇಲೆ ಹೇಗಿರ್ತೀಯ ಅಂತ ನಿನ್ನೆವರೆಗೂ ನಾನು ನೋಡೇ ಇರ್ಲಿಲ್ಲ." ನಿಂತು ಉಸಿರು ತೆಗೆದುಕೊಂಡಳು. "ಎಷ್ಟು ಚೆನ್ನಾಗಿ ಮಾಡ್ತೀಯೇ. ನೋಡ್ತಾ ನೋಡ್ತಾ ಅಳು ಬಂತು. ನನಗೆ ಇನ್ನು ನೋಡಬೇಕು. ಕೂತು ನೋಡಬೇಕು."

ಅಳುವುದಕ್ಕೆ ಇಂಥ ಕಾರಣವೂ ಇರಬಹುದೆಂದು ನನಗೆ ಹೊಳೆದಿರಲೇ ಇಲ್ಲ. ಅವಳ ಕೈ ಹಿಡಿದುಕೊಂಡೆ. ಆಮೇಲೆ ಕೇಳಿದೆ, "ಹಾಗಾದ್ರೆ ಇವತ್ತು ಸಂಜೆನೂ ಬರ್ತೀಯಾ?"

"ಬರ್ತೀನಿ. ಮುಂದಿನ ಸಾಲು ಬೇಡ, ಕತ್ತೆತ್ತಿ ನೋಡಿ ನೋಡಿ ನೋವು ಬಂತು. ಮಧ್ಯದಲ್ಲೆಲ್ಲಾದ್ರೂ ಹಿಡಿದಿಡು."

ಮ್ಯಾನೇಜರಿಗೆ ಫೋನು ಮಾಡಿ ಹೇಳಿದ್ದೇನೆ. ಎಂಟನೇ ಸಾಲು, ನಡುವಿನ ಸೀಟು.